ಭೌತನಿಯಮದ ಸ್ವರೂಪ: ಒಂದು ವಿಮರ್ಶೆ

"ವಿಜ್ಞಾನದ ನಿಯಮಗಳು ಇಂದು ಇದ್ದು ನಾಳೆ ಅಳಿಯುವಂಥವು, ಅವೂ ಒಂದು ಬಗೆಯ ನಂಬಿಕೆಗಳೇ" ಎಂಬ ಮಾತು ಧರ್ಮೋಪನ್ಯಾಸಗಳಲ್ಲಿ ಆಗಾಗ ಕೇಳಿಬರುತ್ತದೆ. "ವಿಜ್ಞಾನದಿಂದ ಸಿದ್ಧವಾದುದಷ್ಟೇ ಸತ್ಯ, ಅದಕ್ಕೆ ಎಲ್ಲೆಯಿಲ್ಲ" ಎಂಬ ಮಾತು ವಿದ್ಯಾವಂತರ ಕೂಟಗಳಲ್ಲಿ ಕೇಳಿಬರುತ್ತದೆ. ನಿಯಮವೆಂದರೇನು, ಗೃಹೀತವೆಂದರೇನು ಎಂಬ ವಿವೇಚನೆಯಿಲ್ಲದುದರಿಂದ ಹುಟ್ಟಿದ ಮಾತುಗಳಿವು. ಈ ವಿವೇಚನೆಗೆ ತೊಡಗುವವರು ಓದಬೇಕಾದ ಗ್ರಂಥ, ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ನರ 'ದಿ ಕ್ಯಾರೆಕ್ಟರ್ ಆಫ್ ಫಿಸಿಕಲ್ ಲಾ'. 1964ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಅವರು ನೀಡಿದ ಏಳು ಉಪನ್ಯಾಸಗಳು 1965ರಲ್ಲಿ ಹೀಗೆ ಪುಸ್ತಕರೂಪ ತಾಳಿದವು.

ಗ್ರಂಥದ ಹಿರಿಮೆ ಅದರ ಎರಡನೆಯ ಉಪನ್ಯಾಸದಲ್ಲಿದೆ. ಯೂಕ್ಲಿಡ್ಡನ ರೇಖಾಗಣಿತದಲ್ಲಿ ಕೆಲವು ಗೃಹೀತಗಳನ್ನು ಮೊದಲು ಒಪ್ಪಿಕೊಂಡು, ಉಳಿದುದೆಲ್ಲವನ್ನೂ ಅವುಗಳಿಂದ ಸಾಧಿಸಲಾಗುತ್ತದೆ. ಭೌತಶಾಸ್ತ್ರ ಹಾಗೆ ನಡೆಯದೆಂದು ಫೈನ್‌ಮನ್ನರು ತೋರಿಸುತ್ತಾರೆ. ಗುರುತ್ವಾಕರ್ಷಣೆಯ ಒಂದೇ ನಿಯಮವನ್ನು ದೂರದ ಎರಡು ಕಾಯಗಳ ನಡುವಣ ಬಲವೆಂದು ಹೇಳಬಹುದು. ಆಕಾಶದ ಪ್ರತಿ ಬಿಂದುವಿನಲ್ಲಿಯೂ ಇರುವ ಕ್ಷೇತ್ರವೆಂದು ಹೇಳಬಹುದು. 'ಕ್ರಿಯೆ' ಎಂಬ ಪರಿಮಾಣವು ಕನಿಷ್ಠವಾಗುವ ಹಾದಿಯಲ್ಲಿ ಕಾಯವು ಚಲಿಸುತ್ತದೆಂದೂ ಹೇಳಬಹುದು. ಮೂರರ ಫಲಿತವೂ ಒಂದೇ. ಹೀಗಿರುವಾಗ ಯಾವುದು ಮೂಲ, ಯಾವುದು ಅನುಮಿತ ಎಂದು ನಿರ್ಣಯಿಸುವ ಬಗೆ ಹೇಗೆ? ಮೂರು ಬಾಗಿಲುಗಳ ಮನೆಗೆ ಯಾವ ಬಾಗಿಲಿನಿಂದಲಾದರೂ ಪ್ರವೇಶಿಸಬಹುದಷ್ಟೆ.

ಕೊನೆಯ ಉಪನ್ಯಾಸದಲ್ಲಿ ಹೊಸ ನಿಯಮವನ್ನು ಅರಸುವ ಕ್ರಮ ನಿರೂಪಿತವಾಗಿದೆ: ಮೊದಲು ಊಹೆ, ಬಳಿಕ ಅದರ ಫಲಗಳ ಗಣನೆ, ಅನಂತರ ಪ್ರಯೋಗದೊಡನೆ ಹೋಲಿಕೆ, ಪ್ರಯೋಗಕ್ಕೆ ವಿರುದ್ಧವಾದರೆ ಊಹೆ ತಪ್ಪು. ಮಾತು ಸರಳವಾಗಿದೆ; ಅತಿ ಸರಳವಾಯಿತೆಂಬುದೇ ನಮ್ಮ ಆಕ್ಷೇಪ. ವಿರೋಧ ಕಂಡಾಗ ತಪ್ಪಿದುದು ನಿಯಮವೋ, ಅದರ ಜೊತೆಗೆ ಮೌನವಾಗಿ ಒಪ್ಪಿಕೊಂಡ ಗೃಹೀತವೋ?

ಯುರೇನಸ್ ಗ್ರಹವು ಲೆಕ್ಕಕ್ಕೆ ಸರಿಯಾಗಿ ನಡೆಯದಿದ್ದಾಗ ಫ್ರಾನ್ಸಿನ ಲೆವೆರಿಯೆ ನ್ಯೂಟನ್ನರ ನಿಯಮವನ್ನು ಬಿಡಲಿಲ್ಲ. ಅದರಾಚೆ ಬೇರೆ ಗ್ರಹವಿಲ್ಲವೆಂಬ ಗೃಹೀತವನ್ನು ಬಿಟ್ಟರು. 1846ರ ಸೆಪ್ಟೆಂಬರ್ 23ರಂದು ಬರ್ಲಿನ್ ವೀಕ್ಷಣಾಲಯದಲ್ಲಿ ನೆಪ್ಚೂನ್ ಗೋಚರಿಸಿತು. ಗಣಿಸಿದ ಸ್ಥಾನದಿಂದ ಒಂದು ಡಿಗ್ರಿಯೊಳಗೇ ಅದು ಇದ್ದಿತು. ಬುಧಗ್ರಹದ ಕಕ್ಷೆಯಲ್ಲಿಯೂ ಒಂದು ತೊಡಕಿದ್ದಿತು. ಸೂರ್ಯನಿಗೆ ಅತಿ ಸಮೀಪವಾದ ಅದರ ಬಿಂದುವು ಲೆಕ್ಕಕ್ಕಿಂತ ಶತಮಾನಕ್ಕೆ ಸುಮಾರು 43 ವಿಕಲೆಗಳಷ್ಟು ಹೆಚ್ಚಾಗಿ ಸರಿಯುತ್ತದೆ. ವಿಕಲೆಯೆಂದರೆ ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು. 1859ರಲ್ಲಿ ಲೆವೆರಿಯೆ ಇಲ್ಲಿಯೂ ಅದೇ ಯುಕ್ತಿಯನ್ನು ಹೂಡಿ, ಬುಧನಿಗೂ ಸೂರ್ಯನಿಗೂ ನಡುವೆ ಕಾಣದ ದ್ರವ್ಯವಿರಬೇಕೆಂದರು. 'ವಲ್ಕನ್' ಎಂಬ ಹೆಸರು ಬಂದಿತು, ಗ್ರಹ ದೊರೆಯಲಿಲ್ಲ. 1915ರಲ್ಲಿ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವು ಆ 43 ವಿಕಲೆಗಳಿಗೆ ಲೆಕ್ಕ ಒಪ್ಪಿಸಿತು. ಒಂದೆಡೆ ಗೃಹೀತ ಬಿದ್ದಿತು, ಇನ್ನೊಂದೆಡೆ ನಿಯಮವೇ ಬಾಗಿತು. ಊಹೆಯ ಸೂತ್ರವೊಂದರಿಂದಲೇ ಈ ಭೇದ ತಿಳಿಯದು.

ನಮ್ಮ ತಾರ್ಕಿಕರ ಪರಿಭಾಷೆ ಇಲ್ಲಿ ನೆರವಾಗುತ್ತದೆ. 'ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ' ಎಂಬುದು ನಿರ್ದುಷ್ಟವಾದ ವ್ಯಾಪ್ತಿ. 'ಎಲ್ಲಿ ಬೆಂಕಿಯೋ ಅಲ್ಲಿ ಹೊಗೆ' ಎಂಬುದು ಹಾಗಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆಯ ಸಂಯೋಗವೆಂಬ ಉಪಾಧಿ ಆ ಮಾತಿನಲ್ಲಿ ಅಡಗಿದೆ. ಅದನ್ನು ಸೇರಿಸಿ ಹೇಳಿದರೆ ಮಾತು ನಿಲ್ಲುತ್ತದೆ. ನ್ಯೂಟನ್ನರ ನಿಯಮಕ್ಕೆ ಆದುದೂ ಇದೇ. ವೇಗವು ಬೆಳಕಿನ ವೇಗಕ್ಕಿಂತ ತೀರ ಕಡಿಮೆಯಿರಬೇಕು, ಗುರುತ್ವವು ದುರ್ಬಲವಾಗಿರಬೇಕು ಎಂಬ ಉಪಾಧಿಗಳು 1687ರಿಂದ ಇನ್ನೂರು ವರ್ಷಗಳಿಗೂ ಮಿಕ್ಕಿ ಅಡಗಿದ್ದವು. ಅವು ಬೆಳಕಿಗೆ ಬಂದಮೇಲೆ ನಿಯಮ ಅಳಿಯಲಿಲ್ಲ, ಅದರ ಎಲ್ಲೆ ತಿಳಿಯಿತು. 1969ರಲ್ಲಿ ಮಾನವನು ಚಂದ್ರನನ್ನು ಮುಟ್ಟಿದ ಪಥದ ಗಣನೆಗೆ ನ್ಯೂಟನ್ನರ ನಿಯಮವೇ ಸಾಕಾಯಿತು.

ಈ ಸಾದೃಶ್ಯವನ್ನು ಹಿಡಿದು, ಆಧುನಿಕ ಭೌತಶಾಸ್ತ್ರವೆಲ್ಲ ನಮ್ಮ ತರ್ಕಗ್ರಂಥಗಳಲ್ಲಿ ಮೊದಲೇ ಇದ್ದಿತೆಂದು ಸಾರಹೊರಡುವುದು ಅವಿವೇಕ. ತಾರ್ಕಿಕರ ವ್ಯಾಪ್ತಿಯಲ್ಲಿ ಅಳತೆಯಿಲ್ಲ. 43 ವಿಕಲೆಗಳನ್ನು ಅದು ಹೇಳಲಾರದು. ಅಳತೆಗೆ ತನ್ನನ್ನು ಒಪ್ಪಿಸಿಕೊಂಡು, ಯಾವ ಫಲ ಕಂಡರೆ ತಾನು ಸೋತಂತೆ ಎಂದು ಮುಂಚಿತವಾಗಿಯೇ ಹೇಳುವುದು ಭೌತಶಾಸ್ತ್ರದ ಗೃಹೀತದ ಲಕ್ಷಣ. ಹಾಗೆ ಹೇಳದ ಮಾತನ್ನು ಗೃಹೀತದೊಡನೆ ಸಮಾನವಾಗಿ ಕೂರಿಸುವುದು ವಿಜ್ಞಾನಕ್ಕೂ ನ್ಯಾಯವಲ್ಲ, ಧರ್ಮಕ್ಕೂ ಗೌರವವಲ್ಲ. ಶಾಲೆ ಕಾಲೇಜುಗಳಲ್ಲಿ ವಿಜ್ಞಾನವನ್ನು ಬೋಧಿಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಈ ಗ್ರಂಥವನ್ನು ಓದಲಿ. ಪ್ರತಿ ನಿಯಮವನ್ನೂ ಅದರ ಉಪಾಧಿಯೊಡನೆ ಹೇಳಿಕೊಡಲಿ.