ಹಕ್ಕಿನ ಪಾಠದಲ್ಲಿ ನೆಲ ಎಲ್ಲಿ?

ಆಸ್ಟ್ರೇಲಿಯಾದ ಹತ್ತನೇ ತರಗತಿಯ ಇತಿಹಾಸದಲ್ಲಿ ‘ಹಕ್ಕುಗಳು ಮತ್ತು ಸ್ವಾತಂತ್ರ್ಯಗಳು’ ಎಂಬ ಘಟಕವೊಂದು ಬಂದು ಹತ್ತು ವರ್ಷಗಳ ಮೇಲಾಯಿತು. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಮೂಲನಿವಾಸಿಗಳು ನಡೆಸಿದ ಹೋರಾಟ ಮತ್ತು ಅದರ ಹಿನ್ನೆಲೆಯೇ ಆ ಘಟಕದ ವಸ್ತು. ಕಲಿಸಲೇಬೇಕಾದ ಅಂಶಗಳನ್ನು ಪಠ್ಯಕ್ರಮ ಹೆಸರಿಟ್ಟೇ ಹೇಳಿತ್ತು: 1938ರ ಶೋಕ ದಿನ, ತಾಯ್ತಂದೆಯರಿಂದ ಕಿತ್ತುಕೊಂಡ ಮಕ್ಕಳ ‘ಕಳುವಾದ ಪೀಳಿಗೆಗಳು’, 1962ರ ಮತದಾನದ ಹಕ್ಕು, 1967ರ ಜನಮತಗಣನೆ, 1992ರ ಮಾಬೊ ತೀರ್ಪು, 2008ರಲ್ಲಿ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕೇಳಿದ ಕ್ಷಮೆ. 2022ರ ಪರಿಷ್ಕರಣೆಯಲ್ಲಿ ಶೀರ್ಷಿಕೆಗಳು ಬದಲಾದವು. ಮೈಲಿಗಲ್ಲುಗಳು ಬಹುಮಟ್ಟಿಗೆ ಅವೇ ಉಳಿದವು.

ಇದು ಸಣ್ಣ ಸಾಧನೆಯಲ್ಲ. ತಮ್ಮ ದೇಶದ ಇತಿಹಾಸಕಾರರು ಮೂಲನಿವಾಸಿಗಳ ಬಗ್ಗೆ ತುಟಿ ಬಿಚ್ಚುವುದಿಲ್ಲವೆಂದು ಮಾನವಶಾಸ್ತ್ರಜ್ಞ ಸ್ಟ್ಯಾನರ್ ರೇಡಿಯೊ ಉಪನ್ಯಾಸದಲ್ಲಿ ಹೇಳಿದ್ದು 1968ರಲ್ಲಿ. ಆ ಮೌನ ಮುರಿದಾಗ ಗಲಾಟೆಯೂ ಎದ್ದಿತು. ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬರೆಯುವ ಇತಿಹಾಸ ಎಂದು ಇತಿಹಾಸಕಾರ ಜೆಫ್ರಿ ಬ್ಲೇನಿ 1993ರಲ್ಲಿ ಮೂದಲಿಸಿದರು. ಪ್ರಧಾನಿ ಜಾನ್ ಹಾವರ್ಡ್ ಅದೇ ಮಾತನ್ನು ರಾಜಕೀಯಕ್ಕೆ ಬಳಸಿಕೊಂಡರು. ಇಷ್ಟೆಲ್ಲ ಆದಮೇಲೂ ಹದಿನೈದು-ಹದಿನಾರರ ಮಕ್ಕಳ ಮುಂದೆ ಈ ವಿಷಯ ಬಂತಲ್ಲ, ಅದಕ್ಕೆ ಧೈರ್ಯ ಬೇಕು.

ಮೂಲ ದಾಖಲೆಗಳನ್ನು ಕೈಗೆ ಕೊಟ್ಟು, ಯಾರು ಬರೆದರು, ಯಾರಿಗಾಗಿ ಬರೆದರು, ಏನನ್ನು ಬಿಟ್ಟರು ಎಂದು ಕೇಳಿಸುವ ಕ್ರಮವೂ ಒಳ್ಳೆಯದೇ. ಇಸವಿ ಉರುಹೊಡೆದು ಎರಡು ಅಂಕ ಗಿಟ್ಟಿಸಿದ ನಮ್ಮಂಥವರಿಗೆ ಹೊಟ್ಟೆಕಿಚ್ಚಾಗಬೇಕು. 1938ರ ಜನವರಿ 26ನ್ನೇ ನೋಡಿ. ಬ್ರಿಟಿಷ್ ಹಡಗುಗಳು ಬಂದು 150 ವರ್ಷ ತುಂಬಿದ ದಿನ. ಸಿಡ್ನಿಯ ಒಂದು ಸಭಾಂಗಣದಲ್ಲಿ ವಿಲಿಯಂ ಕೂಪರ್, ವಿಲಿಯಂ ಫರ್ಗುಸನ್, ಜ್ಯಾಕ್ ಪ್ಯಾಟನ್ ಮೊದಲಾದವರು ಸೇರಿ ಪೂರ್ಣ ಪೌರತ್ವ ಬೇಕೆಂದು ಠರಾವು ಮಾಡಿದರು. ಅದೇ ಊರಿನಲ್ಲಿ, ಅದೇ ದಿನ, ಹಡಗಿಳಿದು ಬರುವ ದೃಶ್ಯವನ್ನು ಸರ್ಕಾರ ನಾಟಕವಾಗಿ ಆಡಿಸಿತು. ಬಿಳಿಯರನ್ನು ಕಂಡು ಓಡುವ ಮೂಲನಿವಾಸಿಗಳ ಪಾತ್ರಕ್ಕೆ ನೂರಾರು ಮೈಲಿ ದೂರದ ಮೆನಿಂಡಿಯಿಂದ ಜನರನ್ನು ಕರೆತರಲಾಗಿತ್ತು. ಒಂದು ಕಡೆ ಠರಾವು, ಇನ್ನೊಂದು ಕಡೆ ಓಡುವ ಪಾತ್ರ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಸಬಲ್ಲ ಮೇಷ್ಟ್ರಿಗೆ ಬೇರೆ ವಿವರಣೆಯೇ ಬೇಡ.

ನನ್ನ ತಕರಾರು ಇರುವುದು ಈ ಘಟನೆಗಳನ್ನು ಜೋಡಿಸಿದ ರೀತಿಯಲ್ಲಿ. 1938, 1962, 1967, 1992, 2008 ಎಂದು ಸಾಲಾಗಿ ನಿಲ್ಲಿಸಿದಾಗ ಮೇಲೇರುವ ಮೆಟ್ಟಿಲುಗಳೇ ಕಾಣುತ್ತವೆ. ಪ್ರತಿ ಮೆಟ್ಟಿಲಿನಲ್ಲೂ ದೇಶ ಇನ್ನಷ್ಟು ಒಳ್ಳೆಯದಾಗುತ್ತದೆ, ಕೊನೆಯಲ್ಲಿ ಕ್ಷಮೆ ಕೇಳಿ ನಿರಾಳವಾಗುತ್ತದೆ. ಮೂಲನಿವಾಸಿಗಳ ಹೆಸರಿನಲ್ಲಿ ಶುರುವಾದ ಕಥೆಗೆ ಆಸ್ಟ್ರೇಲಿಯಾ ಎಂಬ ರಾಷ್ಟ್ರವೇ ನಾಯಕನಾಗಿಬಿಡುತ್ತದೆ.

ಪಠ್ಯಕ್ರಮ ಈ ಹೋರಾಟವನ್ನು ಅಮೆರಿಕದ ಕರಿಯರ ನಾಗರಿಕ ಹಕ್ಕುಗಳ ಚಳವಳಿಯ ಜೊತೆ ಇಟ್ಟು ಕಲಿಸುತ್ತದೆ. 1965ರ ‘ಫ್ರೀಡಂ ರೈಡ್’ಗೆ ಆ ಜೋಡಿ ಹೊಂದುತ್ತದೆ, ನಿಜ. ಚಾರ್ಲ್ಸ್ ಪರ್ಕಿನ್ಸ್ ಮತ್ತು ಸಿಡ್ನಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬಸ್ಸಿನಲ್ಲಿ ಮೋರಿ ಪಟ್ಟಣಕ್ಕೆ ಹೋಗಿ, ಈಜುಕೊಳದ ಬಾಗಿಲಲ್ಲೇ ತಡೆಯಲಾಗುತ್ತಿದ್ದ ಮಕ್ಕಳನ್ನು ಒಳಗೆ ಕರೆದೊಯ್ದರು. ಮರುವರ್ಷವೇ ಉತ್ತರದ ವೇವ್ ಹಿಲ್‌ನಲ್ಲಿ ವಿನ್ಸೆಂಟ್ ಲಿಂಗಿಯಾರಿ ಮುಂದಾಳಾಗಿ ಸುಮಾರು 200 ಗುರಿಂಜಿ ಜನ ದನಗಾಹಿ ಕೆಲಸ ಬಿಟ್ಟು ಹೊರನಡೆದರು. ಕೂಲಿಯ ಮುಷ್ಕರ ಎಂದೇ ಎಲ್ಲರೂ ತಿಳಿದರು. ಅವರು ಕೇಳಿದ್ದು ತಮ್ಮ ನೆಲವನ್ನು. ಪ್ರಧಾನಿ ವಿಟ್ಲಮ್ ಬಂದು ಲಿಂಗಿಯಾರಿಯ ಅಂಗೈಗೆ ಮಣ್ಣು ಸುರಿದದ್ದು 1975ರಲ್ಲಿ. ಹತ್ತಿರ ಹತ್ತಿರ ಒಂಬತ್ತು ವರ್ಷದ ಹಟ ಅದು. ಹೆಸರಿಟ್ಟು ಹೇಳಿದ ಆ ಮುಖ್ಯ ಅಂಶಗಳಲ್ಲಿ ವೇವ್ ಹಿಲ್ ಇರಲಿಲ್ಲ. ಕಲಿಸುವುದೂ ಬಿಡುವುದೂ ಶಿಕ್ಷಕರ ಇಷ್ಟ. ಈಜುಕೊಳದೊಳಕ್ಕೆ ಬಿಡಿ ಎನ್ನುವುದು ಒಂದು ಬೇಡಿಕೆ, ಈಜುಕೊಳ ಕಟ್ಟಿದ ನೆಲ ನಮ್ಮದು ಎನ್ನುವುದು ಇನ್ನೊಂದು. ಮೊದಲನೆಯದನ್ನು ಒಪ್ಪಿಕೊಂಡು ದೇಶ ದೊಡ್ಡತನ ಮೆರೆಯಬಹುದು. ಎರಡನೆಯದು ದೇಶದ ಬುಡಕ್ಕೇ ಬರುತ್ತದೆ. ಮೂಲನಿವಾಸಿಗಳ ನೆಲದ ಹಕ್ಕನ್ನೇ ಒಪ್ಪಿದ ಮಾಬೊ ತೀರ್ಪು ಪಟ್ಟಿಯಲ್ಲಿದೆಯಲ್ಲ ಎನ್ನಬಹುದು. ಇದೆ, ಆದರೆ ಹಕ್ಕಿನ ಇನ್ನೊಂದು ಮೆಟ್ಟಿಲಾಗಿ. ಟೌನ್ಸ್‌ವಿಲ್‌ನ ವಿಶ್ವವಿದ್ಯಾಲಯದಲ್ಲಿ ತೋಟದ ಕೆಲಸಕ್ಕಿದ್ದ ಎಡ್ಡಿ ಮಾಬೊಗೆ, ತನ್ನ ದ್ವೀಪದ ಜಮೀನು ಕಾನೂನಿನ ಕಣ್ಣಲ್ಲಿ ತನ್ನದಲ್ಲವೆಂದು ಗೊತ್ತಾದದ್ದು ಇತಿಹಾಸದ ಅಧ್ಯಾಪಕರ ಜೊತೆ ಮಾತಾಡುವಾಗ. ತೀರ್ಪು ಬರುವ ಹೊತ್ತಿಗೆ ಆತ ತೀರಿಕೊಂಡು ನಾಲ್ಕು ತಿಂಗಳ ಮೇಲಾಗಿತ್ತು.

1967ರ ಪಾಠವನ್ನಂತೂ ಇನ್ನಷ್ಟು ಬಿಗಿಯಾಗಿ ಮಾಡಬೇಕು. ಮೂಲನಿವಾಸಿಗಳಿಗೆ ಆಗ ಮತದಾನದ ಹಕ್ಕು ಸಿಕ್ಕಿತು ಎಂದು ನಂಬಿದವರು ಇಂದಿಗೂ ಬಹಳ. ಆದದ್ದು ಎರಡೇ: ಜನಸಂಖ್ಯೆಯ ಲೆಕ್ಕದಿಂದ ಅವರನ್ನು ಹೊರಗಿಟ್ಟ 127ನೇ ವಿಧಿ ಹೋಯಿತು, ಅವರ ಬಗ್ಗೆ ವಿಶೇಷ ಕಾನೂನು ಮಾಡುವ ಅಧಿಕಾರ ಕೇಂದ್ರ ಸಂಸತ್ತಿಗೆ ಬಂತು. ಆ ಕಾನೂನು ಅವರ ಒಳಿತಿಗಾಗಿಯೇ ಇರಬೇಕು ಎಂಬ ಮಾತು ವಿಧಿಯಲ್ಲಿ ಎಲ್ಲೂ ಇಲ್ಲ. ಶೇ. 90ಕ್ಕೂ ಹೆಚ್ಚು ಜನ ಹೌದು ಎಂದ ಸಂಭ್ರಮವನ್ನಷ್ಟೇ ಕಲಿತು ಬಂದವರಿಗೆ 2023ರ ಅಕ್ಟೋಬರ್ 14 ಅರ್ಥವಾಗುವುದು ಹೇಗೆ? ಸಂಸತ್ತಿಗೆ ಸಲಹೆ ಕೊಡುವ ಒಂದು ಮೂಲನಿವಾಸಿ ಮಂಡಳಿ ಇರಲಿ ಎಂಬ ತಿದ್ದುಪಡಿಗೆ ಅಂದು ಸುಮಾರು ಶೇ. 60 ಮಂದಿ ಬೇಡ ಎಂದರು. ಆರೂ ರಾಜ್ಯಗಳು ತಿರಸ್ಕರಿಸಿದವು. ಇದೊಂದು ಅಪಘಾತ ಎಂದು ಮೆಟ್ಟಿಲಿನ ಕಥೆ ಹೇಳಬಹುದು. ನೆಲದ ಕಥೆ ಗೊತ್ತಿದ್ದವರಿಗೆ ಅಷ್ಟೇನೂ ಅಚ್ಚರಿಯಾಗುವುದಿಲ್ಲ.

ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡದ ಮನೆಗಳ ಮಕ್ಕಳೂ ಇದನ್ನೇ ಓದುತ್ತಾರೆ. ವಲಸೆ ಬಂದವರು ಈ ಕಥೆಗೆ ಹೊರಗಿನವರಲ್ಲ ಎಂಬುದನ್ನು ಅವರಿಗೆ ಹೇಳಬೇಕು. ಅಲ್ಲಿನ 1902ರ ಮತದಾನ ಕಾಯ್ದೆ ಆಸ್ಟ್ರೇಲಿಯಾದ ಮೂಲನಿವಾಸಿಗಳನ್ನೂ ಏಷ್ಯಾದವರನ್ನೂ ಒಂದೇ ವಾಕ್ಯದಲ್ಲಿ ಹೊರಗಿಟ್ಟಿತ್ತು. ಭಾರತೀಯರ ಪರವಾಗಿ ಮಾತಾಡಲು ಭಾರತದ ಮುತ್ಸದ್ದಿ ಶ್ರೀನಿವಾಸ ಶಾಸ್ತ್ರಿಗಳು 1922ರಲ್ಲಿ ಅಲ್ಲಿಗೆ ಹೋಗಿಬಂದರು. ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿ ಅಲ್ಲಿ ನೆಲೆಸಿದವರಿಗೆ 1925ರಲ್ಲೇ ಮತದ ಹಕ್ಕು ಬಂತು. ಆ ನೆಲದಲ್ಲೇ ಹುಟ್ಟಿದವರೆಲ್ಲರಿಗೂ ಅದು ಸಿಗಲು ಇನ್ನೂ 37 ವರ್ಷ ಬೇಕಾಯಿತು. ಮಗನೋ ಮಗಳೋ ಈ ವರ್ಷ ಹತ್ತನೇ ತರಗತಿಯಲ್ಲಿದ್ದರೆ 1925, 1962 ಎಂಬ ಈ ಎರಡು ಇಸವಿಗಳನ್ನು ತರಗತಿಗೆ ಕೊಂಡೊಯ್ದು ಕಾರಣ ಕೇಳಲು ಹೇಳಿ.