ಶಿಸ್ತಿನ ದೇಶದಲ್ಲಿ ರಸ್ತೆ ದಾಟುವುದು

ಅಮೆರಿಕದಿಂದ ರಜೆಗೆಂದು ಊರಿಗೆ ಬಂದ ನಮ್ಮವರ ಬಾಯಲ್ಲಿ ಈ ಮಾತು ತಪ್ಪುವುದಿಲ್ಲ: ‘ಅಲ್ಲಿ ಹಾರ್ನ್ ಸದ್ದೇ ಕೇಳಿಸಲ್ಲ. ನಡುರಾತ್ರಿ ಒಂದು ನರಪಿಳ್ಳೆ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ತಾರೆ. ನಮ್ಮ ಜನಕ್ಕೆ ಶಿಸ್ತು ಬರೋವರೆಗೂ ಏನು ಮಾಡಿದರೂ ಅಷ್ಟೆ.’ ಮೊದಲೆರಡು ಮಾತು ನಿಜ. ಟೆಕ್ಸಾಸಿನ ಡಲ್ಲಾಸ್ ಹೊರವಲಯದಲ್ಲಿ ಸಂಸಾರ ಹೂಡಿರುವ ನಾನು ಅದನ್ನು ದಿನವೂ ಕಾಣುತ್ತೇನೆ. ಮೂರನೆಯದನ್ನು ಮಾತ್ರ ಒಪ್ಪಲಾರೆ.

2022ರಲ್ಲಿ ಅಮೆರಿಕದ ರಸ್ತೆಗಳಲ್ಲಿ 42 ಸಾವಿರಕ್ಕೂ ಹೆಚ್ಚು ಜನ ಸತ್ತರು; ಲಕ್ಷ ಜನಸಂಖ್ಯೆಗೆ ಸುಮಾರು 13 ಮಂದಿ. ಅದೇ ವರ್ಷ ಭಾರತ ಸರ್ಕಾರದ ಲೆಕ್ಕದಲ್ಲಿ ಸತ್ತವರು 1.68 ಲಕ್ಷ, ಲಕ್ಷಕ್ಕೆ ಸುಮಾರು 12. ನಮ್ಮಲ್ಲಿ ಎಲ್ಲ ಸಾವೂ ದಾಖಲಾಗುವುದಿಲ್ಲ, ಅಮೆರಿಕನ್ನರು ನಮಗಿಂತ ಎಷ್ಟೋ ಪಟ್ಟು ಹೆಚ್ಚು ದೂರ ಕಾರಿನಲ್ಲಿ ಓಡಾಡುತ್ತಾರೆ. ಇವೆರಡನ್ನೂ ಒಪ್ಪೋಣ. ಆದರೆ ಬ್ರಿಟನ್, ಸ್ವೀಡನ್‌ಗಳಲ್ಲಿ ಈ ಸಂಖ್ಯೆ ಮೂರನ್ನೂ ಮುಟ್ಟುವುದಿಲ್ಲ. ಕೆಂಪು ದೀಪಕ್ಕೆ ನಿಲ್ಲುವ ಶಿಸ್ತೇ ಜೀವ ಉಳಿಸುವುದಾಗಿದ್ದರೆ ಅಮೆರಿಕ ಅವರ ಸಾಲಿನಲ್ಲಿ ಇರಬೇಕಿತ್ತು. 2000ದ ನವೆಂಬರ್ 7ರ ನಂತರ ತನ್ನ ರಸ್ತೆಗಳಲ್ಲಿ ಸಾವಿಲ್ಲದ ಒಂದು ದಿನವೂ ಕಳೆದಿಲ್ಲ ಎಂದು ಟೆಕ್ಸಾಸಿನ ಸಾರಿಗೆ ಇಲಾಖೆಯೇ ಹೇಳುತ್ತದೆ.

ಅಪ್ಪ ಮೈಸೂರಿನವರು. ಚಾಮರಾಜಪುರಂನಿಂದ ದೇವರಾಜ ಮಾರುಕಟ್ಟೆಗೆ ನಡೆದೇ ಹೋಗಿಬರುತ್ತಿದ್ದರು. ಇಲ್ಲಿಗೆ ಬಂದಾಗ ಅರ್ಧ ಮೈಲಿ ದೂರದ ಅಂಗಡಿಯಿಂದ ಹಾಲು ತರುವ ಕೆಲಸ ತಾವೇ ವಹಿಸಿಕೊಂಡರು. ನಡುವೆ ಆರು ಲೇನಿನ ರಸ್ತೆ. ವೇಗಮಿತಿ ಗಂಟೆಗೆ 45 ಮೈಲಿ, ಅಂದರೆ 72 ಕಿ.ಮೀ. ಒಂದು ಕಟ್ಟಡದ ಮುಂದಿರುವ ಫುಟ್‌ಪಾತ್ ಮುಂದಿನ ಕಟ್ಟಡದ ಹೊತ್ತಿಗೆ ಹುಲ್ಲಿನಲ್ಲಿ ಮುಗಿದುಹೋಗುತ್ತದೆ. ದಾಟುವ ಜಾಗದಲ್ಲಿ ಕಂಬದ ಬಟನ್ ಒತ್ತಿ ಕಾಯಬೇಕು. ಒತ್ತದಿದ್ದರೆ ಎಷ್ಟು ಹೊತ್ತು ನಿಂತರೂ ನಡೆಯುವ ಮನುಷ್ಯನ ಬಿಳಿ ಚಿತ್ರ ಬೆಳಗುವುದೇ ಇಲ್ಲ. ಬೆಳಗಿದ ಮೇಲೂ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಿತ್ತಳೆ ಬಣ್ಣದ ಅಂಗೈ ಮಿನುಗಿ ಸೆಕೆಂಡುಗಳು ಇಳಿಯತೊಡಗುತ್ತವೆ.

ಒಂದು ಸಂಜೆ ಜೊತೆಯಲ್ಲಿ ನಾನೂ ಇದ್ದೆ. ಅಪ್ಪ ಬಿಳಿ ದೀಪ ನೋಡಿಯೇ ಕಾಲಿಟ್ಟರು. ಬಲಕ್ಕೆ ತಿರುಗಲು ನಿಂತಿದ್ದ ಪಿಕಪ್ ಟ್ರಕ್ಕಿನ ಚಾಲಕನ ಕಣ್ಣು ಎಡಕ್ಕೆ, ಬರುತ್ತಿದ್ದ ಕಾರುಗಳ ಕಡೆಗಿತ್ತು. ಅಪ್ಪ ಬರುತ್ತಿದ್ದುದು ಅವನ ಬಲಗಡೆಯಿಂದ. ಗಾಡಿ ಹೊರಟೇ ಬಿಟ್ಟಿತು, ಗೇಣು ದೂರದಲ್ಲಿ ಗಕ್ಕನೆ ನಿಂತಿತು. ಬಾನೆಟ್ಟು ಅಪ್ಪನ ಎದೆಮಟ್ಟಕ್ಕಿತ್ತು. ಚಾಲಕ ಗಾಬರಿಯಿಂದ ಕೈಯೆತ್ತಿ ಕ್ಷಮೆ ಕೇಳಿದ. ಅವನು ಒರಟನಲ್ಲ, ಕುಡಿದವನೂ ಅಲ್ಲ. ಕೆಂಪು ದೀಪವಿದ್ದಾಗಲೂ ನಿಂತು ನೋಡಿ ಬಲಕ್ಕೆ ತಿರುಗಲು ಇಲ್ಲಿನ ಕಾನೂನೇ ಬಿಡುತ್ತದೆ. 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ, ಸಿಗ್ನಲ್‌ನಲ್ಲಿ ನಿಂತು ಪೆಟ್ರೋಲ್ ಸುಡದಿರಲಿ ಎಂದು ದೇಶದ ತುಂಬ ಹರಡಿದ ನಿಯಮ ಇದು. ನ್ಯೂಯಾರ್ಕ್ ನಗರವಂತೂ ಇಂದಿಗೂ ಇದಕ್ಕೆ ಒಪ್ಪಿಲ್ಲ. ದಾಟುವವರಿಗೆ ದಾರಿ ಬಿಡಬೇಕೆಂಬ ಷರತ್ತೇನೋ ಇದೆ. ಕಣ್ಣಿಗೇ ಬೀಳದವರಿಗೆ ಯಾರು ದಾರಿ ಬಿಡುತ್ತಾರೆ?

2009ರಲ್ಲಿ ಅಮೆರಿಕದಲ್ಲಿ ವಾಹನಕ್ಕೆ ಸಿಕ್ಕು ಸತ್ತ ಪಾದಚಾರಿಗಳು ಸುಮಾರು 4,100. 2022ರಲ್ಲಿ 7,500 ದಾಟಿತು. ಅಷ್ಟರೊಳಗೆ ಈ ದೇಶದ ಶಿಸ್ತು ಕೆಟ್ಟಿತೇ? ಮೊಬೈಲ್ ಬಂತು ಎನ್ನುವವರಿದ್ದಾರೆ. ಮೊಬೈಲ್ ಸ್ವೀಡನ್ನಿಗೂ ಬಂದಿದೆ. ಇಲ್ಲಿ ಬೆಳೆದದ್ದು ಗಾಡಿಗಳ ಗಾತ್ರ. ಬಾನೆಟ್ಟು 40 ಇಂಚಿಗಿಂತ ಎತ್ತರವಿದ್ದರೆ, ತಗ್ಗಾದ ಇಳಿಜಾರು ಬಾನೆಟ್ಟಿನ ಕಾರಿಗಿಂತ ಪಾದಚಾರಿ ಸಾಯುವ ಸಂಭವ ಸುಮಾರು ಶೇ 45ರಷ್ಟು ಹೆಚ್ಚು ಎಂದು ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆ 2023ರಲ್ಲಿ ಕಂಡುಕೊಂಡಿತು.

ಅಪ್ಪ ಆಮೇಲೆ ಹಾಲಿಗೆ ಹೋಗಲಿಲ್ಲ. ‘ಇದು ನಡೆಯೋರ ಊರಲ್ಲ ಕಣೋ’ ಅಂದರು. ಶನಿವಾರ ನಾನು ಕಾರು ತೆಗೆಯುವವರೆಗೆ ಮನೆಯಲ್ಲೇ ಕೂತರು. ಇಲ್ಲಿಗೆ ಬರುವ ನಮ್ಮ ಎಷ್ಟೋ ತಂದೆತಾಯಂದಿರು ಹೀಗೆಯೇ ವೀಸಾದ ಆರು ತಿಂಗಳನ್ನು ಸವೆಸುತ್ತಾರೆ. ಹದಿನಾಲ್ಕು ವರ್ಷದ ಮಕ್ಕಳೂ ಗೆಳೆಯರ ಮನೆಗೆ ಹೋಗಲು ಅಪ್ಪ ಅಮ್ಮನ ಕಾರಿಗೇ ಕಾಯುತ್ತಾರೆ. ಹಾರ್ನ್ ಕೇಳಿಸದಿರಲು ಇದೂ ಒಂದು ಕಾರಣ: ಹಾರ್ನ್ ಹೊಡೆಸಿಕೊಳ್ಳುವ ಜನ ಬೀದಿಯಲ್ಲೇ ಇಲ್ಲ.

ಇದೇ ದೇಶದಲ್ಲಿ ನ್ಯೂಜೆರ್ಸಿಯ ಹೊಬೊಕೆನ್ ಎಂಬ ಪುಟ್ಟ ನಗರ 2017ರಿಂದ ಏಳು ವರ್ಷಕ್ಕೂ ಹೆಚ್ಚು ಕಾಲ ಒಂದೂ ರಸ್ತೆ ಸಾವಿಲ್ಲದೆ ಕಳೆಯಿತು. ತಿರುವುಗಳಲ್ಲಿ ಕಾರು ನಿಲ್ಲಿಸದಂತೆ ತಡೆದು, ದಾಟುವವರೂ ಓಡಿಸುವವರೂ ಒಬ್ಬರಿಗೊಬ್ಬರು ಕಾಣುವಂತೆ ಮಾಡಿದರು. ವೇಗಮಿತಿಯನ್ನು ಗಂಟೆಗೆ 20 ಮೈಲಿಗೆ ಇಳಿಸಿದರು. ಜನ ಅದೇ ಅಮೆರಿಕನ್ನರು. ನಮ್ಮಲ್ಲೂ ಉದಾಹರಣೆಗೆ ಬರವಿಲ್ಲ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಹೆಣದ ಮೇಲೆ ಹೆಣ ಬಿತ್ತು. ಆ ಆಗಸ್ಟ್‌ನಲ್ಲಿ ಬೈಕು, ಆಟೊಗಳನ್ನು ಮುಖ್ಯ ಪಥದಿಂದ ಹೊರಗಿಟ್ಟು, ವೇಗ ಹಿಡಿಯುವ ಕ್ಯಾಮೆರಾ ಹಾಕಿ ದಂಡ ವಸೂಲಿಗೆ ಇಳಿದ ಮೇಲೆ ಸಾವುಗಳು ಗಣನೀಯವಾಗಿ ಇಳಿದವು. ಓಡಿಸುವವರು ಬದಲಾಗಿರಲಿಲ್ಲ.

ಜನಕ್ಕೆ ಮೊದಲು ಶಿಸ್ತು ಬರಲಿ ಎಂಬ ಮಾತು ಯಾರಿಗೆ ಅನುಕೂಲ ಎಂದು ನೋಡಿದರೆ ನನಗೆ ಸಿಟ್ಟು ಬರುತ್ತದೆ. ರಸ್ತೆ ಹಾಕಿಸಿದ ಎಂಜಿನಿಯರು, ಫುಟ್‌ಪಾತ್ ಕಡಿದು ಅಗಲ ಮಾಡಿಸಿದ ಅಧಿಕಾರಿ, ನಕ್ಷೆಗೆ ಸಹಿ ಹಾಕಿದ ಮಂತ್ರಿ ಎಲ್ಲರೂ ಈ ಮಾತಿನ ಮರೆಯಲ್ಲಿ ಪಾರಾಗುತ್ತಾರೆ. ಬೆಂಗಳೂರಿನಲ್ಲಿ ಸಿಗ್ನಲ್‌ಮುಕ್ತ ಕಾರಿಡಾರ್ ಎಂದು ಹೆಮ್ಮೆಯಿಂದ ಕಟ್ಟುತ್ತಿರುವುದು ನನ್ನ ಮನೆಯ ಮುಂದಿನ ಈ ಆರು ಲೇನಿನ ಜಾತಿಯ ರಸ್ತೆಯನ್ನೇ. ಹೊರದೇಶ ಕಂಡು ಬಂದ ನಾವು ಊರಿನ ಸಭೆಗಳಲ್ಲಿ ಶಿಸ್ತಿನ ಪಾಠ ಹೇಳುವುದನ್ನು ಬಿಟ್ಟು ಒಂದು ಪ್ರಶ್ನೆ ಕೇಳಬೇಕು: ಎಪ್ಪತ್ತು ದಾಟಿದವರೊಬ್ಬರು ಈ ರಸ್ತೆಯನ್ನು ಎಲ್ಲಿ ದಾಟಬೇಕು, ಎಷ್ಟು ಸೆಕೆಂಡಿನಲ್ಲಿ? ನಕ್ಷೆಯಲ್ಲಿ ಅದಕ್ಕೆ ಉತ್ತರವಿಲ್ಲದಿದ್ದರೆ ಟೆಂಡರ್ ಕರೆಯಲು ಬಿಡಬಾರದು.