ಗೆಜ್ಜೆಗಿಂತ ಮೊದಲೇ ಬರುವ ಸದ್ದು

ಮಂಡ್ಯ ಸೀಮೆಯಲ್ಲಿ ಕೂತು ‘ಆಪ್ತಮಿತ್ರ’ದ ತಪ್ಪು ಹುಡುಕುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಅಂಬರೀಶ್ ಹುಟ್ಟಿದ ದೊಡ್ಡರಸಿನಕೆರೆ ಮದ್ದೂರು ತಾಲ್ಲೂಕಿನದು, ನಿಜ. ಆದರೆ ಅವರ ಗೆಳೆಯ, ಈ ಚಿತ್ರದ ನಾಯಕ ವಿಷ್ಣುವರ್ಧನ್ ಇಲ್ಲಿನವರಿಗೆ ಎಂದೂ ಹೊರಗಿನವರಾಗಿರಲಿಲ್ಲ. 2004ರ ಆಗಸ್ಟ್‌ನಲ್ಲಿ ತೆರೆಕಂಡ ಈ ಚಿತ್ರ ಟಿವಿಯಲ್ಲಿ ಬಂದರೆ ಈಗಲೂ ಮನೆಯವರೆಲ್ಲ ರಿಮೋಟ್ ಕೆಳಗಿಡುತ್ತಾರೆ. ನಾಯಕಿ ಸೌಂದರ್ಯ ಅದೇ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ಹಾಗಾಗಿ ಪರದೆಯ ಮೇಲೆ ಅವರ ಕಣ್ಣು ಕಂಡಾಗಲೆಲ್ಲ ಚಿತ್ರಮಂದಿರದಲ್ಲಿ ಕಥೆಗೆ ಸೇರದ ಒಂದು ಸಂಕಟವೂ ಸುಳಿದಾಡುತ್ತಿತ್ತು. ಪಿ. ವಾಸು ನಿರ್ದೇಶನ, ದ್ವಾರಕೀಶ್ ನಿರ್ಮಾಣ, ಅವಿನಾಶ್, ರಮೇಶ್ ಅರವಿಂದ್, ಪ್ರೇಮಾ: ಇವ್ಯಾವುದರ ಮೇಲೂ ನನಗೆ ದೂರಿಲ್ಲ. ದೂರು ಇರುವುದು ಅದರ ಹಿನ್ನೆಲೆ ಸಂಗೀತದ ಮೇಲೆ, ಅದರಲ್ಲೂ ಅಲ್ಲಿ ಕೀಬೋರ್ಡ್‌ಗೆ ಕೊಟ್ಟ ಸಲಿಗೆಯ ಮೇಲೆ.

ಹಾಡುಗಳ ಮಾತು ಬೇರೆ. ಚಿತ್ರದ ಸಂಗೀತ ನಿರ್ದೇಶಕ ಗುರುಕಿರಣ್ 1998ರ ‘ಎ’ ಚಿತ್ರದಿಂದಲೇ ಕನ್ನಡದ ಕಿವಿಗೆ ಇಲೆಕ್ಟ್ರಾನಿಕ್ ಸದ್ದಿನ ರುಚಿ ಹತ್ತಿಸಿದವರು. ಆ ಪುಂಡು ಲಯ ಉಪೇಂದ್ರರ ಪುಂಡು ಸಿನಿಮಾಗಳಿಗೆ ಸರಿಯಾಗಿ ಕೂತಿತ್ತು. ‘ಆಪ್ತಮಿತ್ರ’ದಲ್ಲೂ ನಂದಿತಾ ಹಾಡಿದ ತೆಲುಗು ಸಾಹಿತ್ಯದ ‘ರಾ ರಾ’ಗೆ ಎದೆ ನಡುಗಿಸುವ ಶಕ್ತಿ ಇದೆ. ಆದರೆ ಹಾಡು ಮುಗಿದು ಮಾತು, ಮೌನ, ಕತ್ತಲು ಬಂದಾಗ ಸಂಗೀತ ಏನು ಮಾಡುತ್ತದೆ ಎಂಬುದೇ ಸಸ್ಪೆನ್ಸ್ ಚಿತ್ರಕ್ಕೆ ನಿಜವಾದ ಪರೀಕ್ಷೆ. ಆ ಪರೀಕ್ಷೆಯಲ್ಲಿ ಈ ಸಂಗೀತ ಸೋಲುತ್ತದೆ.

ಚಿತ್ರದ ಅತ್ಯಂತ ಭಯಂಕರ ಸದ್ದು ಯಾವುದು? ರಾತ್ರಿ ಹೊತ್ತು ಹಳೇ ಬಂಗಲೆಯಲ್ಲಿ ಕೇಳುವ ಗೆಜ್ಜೆ. ಅದನ್ನು ಯಾರು ಕಟ್ಟಿಕೊಂಡಿದ್ದಾರೆ, ಯಾವ ಕೋಣೆಯಿಂದ ಬರುತ್ತಿದೆ ಎಂದು ನೋಡುಗನೇ ಹುಡುಕಬೇಕು. ಕಿವಿ ನಿಮಿರುವುದು ಆಗಲೇ. ಆದರೆ ಗೆಜ್ಜೆ ನಾಲ್ಕು ಹೆಜ್ಜೆ ಇಡುವುದಕ್ಕೂ ಸಂಗೀತ ಬಿಡುವುದಿಲ್ಲ. ಕೆಳಗಿನಿಂದ ಒಂದು ಗುಂಯ್‌ಗುಡುವ ಶ್ರುತಿ ಏಳುತ್ತದೆ, ಅದರ ಮೇಲೆ ಪಿಟೀಲಿನ ನಕಲು, ಬಾಗಿಲು ತೆರೆದರೆ ‘ಧಡ್’. ಹೆದರಬೇಕಾದ ಜಾಗ ಯಾವುದು, ಎಷ್ಟು ಹೆದರಬೇಕು ಎಂದು ಮೊದಲೇ ಹೇಳಿಬಿಟ್ಟ ಮೇಲೆ ನೋಡುಗನಿಗೆ ಉಳಿಯುವ ಕೆಲಸವೇನು? ಸೌಂದರ್ಯ ಅವರ ಪಾತ್ರ ಗಂಗಾ ಮಂಚ ಎತ್ತುವ ದೃಶ್ಯದಲ್ಲೂ ಇದೇ ಕಥೆ. ಒಡವೆ ತರಲು ಹೊರಟವಳನ್ನು ಗಂಡ ತಡೆದಾಗ ಸೌಂದರ್ಯ ದನಿ ಬದಲಿಸುತ್ತಾರೆ. ಸ್ವರ ಒಡೆಯುತ್ತದೆ, ಕತ್ತು ನಿಧಾನಕ್ಕೆ ತಿರುಗುತ್ತದೆ. ನಟಿಯೊಬ್ಬಳು ಗಂಟಲಿನಲ್ಲೇ ಇಷ್ಟು ಮಾಡುತ್ತಿರುವಾಗ ಪಕ್ಕದಲ್ಲೊಂದು ಯಂತ್ರ ಅದನ್ನೇ ಇನ್ನೂ ಜೋರಾಗಿ ಹೇಳಬೇಕಾದ್ದಿಲ್ಲ. ಫಾಸಿಲ್‌ರ ಮೂಲ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ನಲ್ಲಿ (1993) ಜಾನ್ಸನ್ ಹಿನ್ನೆಲೆ ಸಂಗೀತ ಮಾಡಿದ್ದರು. ಅಲ್ಲಿ ಶೋಭನಾ ಅವರ ಮಾತಿಗೆ ಉಸಿರಾಡಲು ಜಾಗವಿತ್ತು. ನಮ್ಮಲ್ಲಿ ದೃಶ್ಯ ಬಂತು, ಆ ಜಾಗ ಬರಲಿಲ್ಲ.

ಒಬ್ಬರ ಮೈಮೇಲೆ ಇನ್ನೊಬ್ಬರು ಬರುವ ಕಥೆ ಇದು. ಮಳವಳ್ಳಿ, ಮದ್ದೂರಿನ ಹಳ್ಳಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಾರಿಹಬ್ಬದ ರಾತ್ರಿ ಗುಡಿಯ ಮುಂದೆ ಹುಲ್ಲಿನ ಉರಿಯಲ್ಲಿ ತಮಟೆ ಕಾಯಿಸುತ್ತಾರೆ. ಚರ್ಮ ಬಿಗಿಯಾದ ಮೇಲೆ ಮೊದಲ ಪೆಟ್ಟು. ಶುರುವಿಗೆ ಲಯ ಸಾವಧಾನ, ಯಾರೂ ಏನೂ ಆಗದವರಂತೆ ನಿಂತಿರುತ್ತಾರೆ. ಪೆಟ್ಟು ಒತ್ತಾಗುತ್ತದೆ, ಮತ್ತೆ ಹಿಂದೆಗೆಯುತ್ತದೆ, ಇನ್ನೇನು ಅನ್ನುವಾಗ ನಿಂತೂಬಿಡುತ್ತದೆ. ದೇವರು ಮೈಮೇಲೆ ಬರುವ ಗುಡ್ಡಪ್ಪನ ಮೈ ಯಾವ ಪೆಟ್ಟಿಗೆ ಅದುರುತ್ತದೆ ಎಂದು ಬಡಿಯುವವನಿಗೂ ಗೊತ್ತಿಲ್ಲ. ಅವನ ಕಣ್ಣು ಗುಡ್ಡಪ್ಪನ ಮೇಲಿರುತ್ತದೆ, ಕೈ ಆ ಕಣ್ಣನ್ನು ಹಿಂಬಾಲಿಸುತ್ತದೆ. ಸುತ್ತ ನಿಂತ ಹೆಂಗಸರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳುವುದೂ ತಮಟೆ ಏರಿದಾಗಲ್ಲ, ಅದು ತಡೆದಾಗ. ಅಲ್ಲಿ ತಮಟೆ ತಣ್ಣಗಾಗುತ್ತದೆ, ದನಿ ಬೀಳುತ್ತದೆ, ಮತ್ತೆ ಬೆಂಕಿಗೆ ಹಿಡಿಯಬೇಕಾಗುತ್ತದೆ. ಆ ಬಿಡುವಿನಲ್ಲೇ ಭಯ ಬೆಳೆಯುವುದು. ಕೀಬೋರ್ಡಿನ ಶ್ರುತಿಗೆ ಆ ಕಷ್ಟ ಇಲ್ಲ. ಬೆರಳು ಇಟ್ಟರೆ ಸಾಕು, ಎಷ್ಟು ಹೊತ್ತಾದರೂ ಒಂದೇ ಬಿಗಿಯಲ್ಲಿ ನಿಲ್ಲುತ್ತದೆ. ಹಾಗೆ ನಿಲ್ಲುವುದೇ ಅದರ ಗುಣ, ಸಸ್ಪೆನ್ಸ್ ಚಿತ್ರದಲ್ಲಿ ಅದೇ ಅದರ ದೋಷ.

ಹಾಗಂತ ಎಳೆದ ಶ್ರುತಿಯೇ ಕೆಟ್ಟದ್ದೆಂದಲ್ಲ. ಮಂಟೇಸ್ವಾಮಿ ಪರಂಪರೆಯ ಬೊಪ್ಪೇಗೌಡನಪುರ ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ. ಅಲ್ಲಿನ ನೀಲಗಾರರು ತಂಬೂರಿ ಮೀಟುತ್ತ ರಾತ್ರಿಯಿಡೀ ಕಥೆ ಹಾಡುತ್ತಾರೆ. ತಂಬೂರಿ ಎಂಬುದೂ ಬಿಡದೆ ಮೊಳಗುವ ನಾದವೇ. ಆದರೆ ಅದು ‘ಈಗ ಹೆದರು’ ಎನ್ನುವುದಿಲ್ಲ. ಆ ಕಥೆಯ ಸಿದ್ದಪ್ಪಾಜಿಗೆ ಒದಗುವ ಪರೀಕ್ಷೆಗೂ ನಗೆಮಾತಿಗೂ ಅದೇ ಶ್ರುತಿ. ತಿರುವು ಬರುವುದು ಹಾಡುಗಾರನ ಕೊರಳಿನಿಂದ. ‘ಆಪ್ತಮಿತ್ರ’ದ ಶ್ರುತಿ ಕಥೆಯ ಕೆಳಗೆ ಮಲಗುವ ಬದಲು ಕಥೆಗಿಂತ ಮುಂದೆ ಓಡುತ್ತದೆ.

ಯಂತ್ರದಿಂದ ಭಯ ಹುಟ್ಟುವುದಿಲ್ಲ ಎನ್ನುವವರು ಹಿಚ್‌ಕಾಕ್‌ನ ‘ದಿ ಬರ್ಡ್ಸ್’ (1963) ನೋಡಲಿ. ಅದರಲ್ಲಿ ರೂಢಿಯ ಅರ್ಥದ ಹಿನ್ನೆಲೆ ಸಂಗೀತವೇ ಇಲ್ಲ. ಹಕ್ಕಿಗಳ ಕೂಗು, ರೆಕ್ಕೆ ಬಡಿತಗಳನ್ನು ಆಸ್ಕರ್ ಸಾಲಾ ಜರ್ಮನಿಯಲ್ಲಿ ಟ್ರಾಟೋನಿಯಂ ಎಂಬ ಇಲೆಕ್ಟ್ರಾನಿಕ್ ವಾದ್ಯದಲ್ಲಿ ಮಾಡಿದ. ‘ಸೈಕೋ’ಗೆ ತಂತಿವಾದ್ಯಗಳನ್ನಷ್ಟೇ ಬಳಸಿದ್ದ ಬರ್ನಾರ್ಡ್ ಹರ್ಮನ್ ಇಲ್ಲಿ ಶಬ್ದಕ್ಕೆ ಸಲಹೆಗಾರನಾಗಿ ಕೂತ. ಶಾಲೆಯ ಹೊರಗೆ ನಾಯಕಿ ಸಿಗರೇಟು ಸೇದುತ್ತ ಕೂತಿರುವಾಗ ಅವಳ ಬೆನ್ನ ಹಿಂದೆ ಕಾಗೆಗಳು ಒಂದೊಂದಾಗಿ ಬಂದು ಕೂರುತ್ತವೆ. ನಮಗೆ ಕೇಳುವುದು ತರಗತಿಯೊಳಗಿನ ಮಕ್ಕಳ ಹಾಡು ಮಾತ್ರ. ಯಂತ್ರದ ಸದ್ದು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದಕ್ಕೇ, ಆಮೇಲೆ ಅದು ಬಂದಾಗ ಕಿವಿ ಮುಚ್ಚಿಕೊಳ್ಳುವಂತಾಗುತ್ತದೆ.

ಕನ್ನಡದ್ದೇ ಉದಾಹರಣೆ ಬೇಕಾದರೆ ಸುನಿಲ್ ಕುಮಾರ್ ದೇಸಾಯಿ ಅವರ ‘ತರ್ಕ’ (1989) ಇದೆ. ಒಂದೂ ಹಾಡಿಲ್ಲದ ಆ ಚಿತ್ರದಲ್ಲಿ ಗುಣಸಿಂಗ್ ಸಂಗೀತಕ್ಕೆ ಅಡಗಿಕೊಳ್ಳಲು ಮೂಲೆಯೇ ಇರಲಿಲ್ಲ. ಹಿನ್ನೆಲೆ ಕೆಟ್ಟರೆ ಚಿತ್ರವೇ ಕೆಡುತ್ತಿತ್ತು, ಕೆಡಲಿಲ್ಲ. ಹಾಡುಗಳು ಗೆದ್ದರೆ ಸಾಕು ಎಂಬ ಲೆಕ್ಕಾಚಾರದಲ್ಲಿ ನಮ್ಮ ಉದ್ಯಮ ಹಿನ್ನೆಲೆಯನ್ನು ಕೊನೆಯ ವಾರಕ್ಕೆ ತಳ್ಳುವುದು ಹಳೇ ಚಾಳಿ. ಸಮಯ ಇಲ್ಲದವನಿಗೆ ಕೀಬೋರ್ಡ್‌ನಷ್ಟು ಒದಗುವ ವಾದ್ಯ ಬೇರೆ ಇಲ್ಲ. ‘ಆಪ್ತಮಿತ್ರ’ ಗೆದ್ದಿದ್ದರಿಂದ ಈ ಸಂಗೀತವನ್ನು ಯಾರೂ ಪ್ರಶ್ನಿಸಲೂ ಇಲ್ಲ. ಇವತ್ತಿನ ಸಸ್ಪೆನ್ಸ್ ಚಿತ್ರಗಳಲ್ಲಿ ಕೀಬೋರ್ಡ್ ಹೋಗಿ ಲ್ಯಾಪ್‌ಟಾಪ್ ಬಂದಿದೆ, ‘ಧಡ್’ ಇನ್ನೂ ದಪ್ಪಗಾಗಿದೆ. ಆತುರ ಮಾತ್ರ ಅದೇ.

ಇತ್ತ ಇದೇ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಚಿತ್ರಿತವಾದ ‘ತಿಥಿ’ ಹಿನ್ನೆಲೆ ಸಂಗೀತವನ್ನು ನೆಚ್ಚಲೇ ಇಲ್ಲ. ಊರಿನ ಸದ್ದುಗಳನ್ನೇ ನಂಬಿ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಅದು ಸಸ್ಪೆನ್ಸ್ ಚಿತ್ರವಲ್ಲ, ಒಪ್ಪಿದೆ. ಆದರೂ ಮಂಡ್ಯದ ಕಿವಿ ಎಷ್ಟು ಮೌನವನ್ನು ತಾಳಿಕೊಳ್ಳಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

‘ಆಪ್ತಮಿತ್ರ’ ಸೌಂದರ್ಯ ಅವರ ಗಂಟಲು, ವಿಷ್ಣು ಅವರ ನಡಿಗೆ ಮತ್ತು ಹಾಡುಗಳಿಂದ ಉಳಿದಿದೆ. ಹಿನ್ನೆಲೆ ಸಂಗೀತದಿಂದ ಅಲ್ಲ. ಹೊಸ ನಿರ್ದೇಶಕರಲ್ಲಿ ಒಂದು ಕೋರಿಕೆ: ಸಂಗೀತಕ್ಕೆ ಕೊಡುವ ಮೊದಲು ಬರೀ ಮಾತು, ಸದ್ದು ಇರುವ ಪ್ರತಿಯನ್ನು ಮದ್ದೂರಿನದೋ ಮಳವಳ್ಳಿಯದೋ ಒಂದು ಚಿತ್ರಮಂದಿರದಲ್ಲಿ ಹಾಕಿ, ಜನರ ನಡುವೆ ಕೂತು ನೋಡಿ. ಅವರು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದ ಕಡೆಗಳನ್ನು ಗುರುತು ಹಾಕಿಕೊಳ್ಳಿ. ಆ ಕಡೆಗಳಲ್ಲಿ ಸಂಗೀತ ನಿರ್ದೇಶಕರಿಗೆ ಕೈ ಕಟ್ಟಿ ಕೂರಲು ಹೇಳಿ, ಅದಕ್ಕೂ ಸಂಭಾವನೆ ಕೊಡಿ.